ಎರಡೂ ಕಡೆ ಕಾಜ

ಆನ್‌ಲೈನಿನಲ್ಲಿ ಹೊಲಿಗೆ ಕಲಿತವರು ಲಕ್ಷ ಜನ ಇರಬಹುದು. ನನ್ನ ಹಾಗೆ ಕಲಿತವನು ಹುಟ್ಟಿಲ್ಲ, ಹುಟ್ಟುವುದೂ ಇಲ್ಲ. ರೆಕಾರ್ಡ್ ಮಾಡಿದ ಪಾಠಗಳನ್ನು ಎರಡು ಪಟ್ಟು ವೇಗದಲ್ಲಿ ಓಡಿಸುತ್ತಿದ್ದೆ. ಮೇಡಂ ಸೂಜಿಗೆ ದಾರ ಪೋಣಿಸುವಷ್ಟರಲ್ಲಿ ನಾನು ಮನಸ್ಸಿನಲ್ಲೇ ಇಡೀ ಊರಿಗೆ ಅಂಗಿ ಹೊಲಿದು ಮುಗಿಸಿರುತ್ತಿದ್ದೆ. ಆದರೆ ವಿಡಿಯೊಗೆ ಕಿವಿಯಿಲ್ಲ. ಸಂದೇಹ ಕೇಳಿದರೆ ಗೋಡೆಗೆ ಕೇಳಿದ ಹಾಗೆ. ಸರಿ, ಲೈವ್ ಕ್ಲಾಸಿಗೆ ಹಾರಿದೆ. ಅಲ್ಲಿ ಮೇಡಮ್‌ಗೆ ಕಿವಿಯಿತ್ತು, ನಲವತ್ತು ಜನಕ್ಕೆ ಬಾಯಿಯೂ ಇತ್ತು. ಒಬ್ಬರ ಮನೆಯ ಮಿಕ್ಸಿ, ಇನ್ನೊಬ್ಬರ ಮಗುವಿನ ಅಳು. ಹತ್ತೇ ನಿಮಿಷಕ್ಕೆ ಕುರ್ಚಿಯಲ್ಲಿ ಮುಳ್ಳು ಮೂಡಿದಂತಾಗಿ ಮತ್ತೆ ರೆಕಾರ್ಡಿಗೆ ಓಟ. ಇನ್ನು ಗ್ರೂಪಿನ ಚರ್ಚೆಯಲ್ಲಂತೂ ನಾನೇ ಜಗದ್ಗುರು. ಕೇಳದವರಿಗೂ ಉತ್ತರ ಕೊಡುತ್ತಿದ್ದೆ. ನನಗೆ ‘ಡಬಲ್ ಸ್ಪೀಡು’ ಎಂಬ ಬಿರುದು ಬಂದದ್ದು ಅಲ್ಲೇ.

ಭಾವನ ಹೊಲಿಗೆ ಅಂಗಡಿಯಲ್ಲಿ ಎರಡು ಮಷೀನು. “ಪಾಸಾದ್ರೆ ಎರಡನೇದು ನಿಂದು. ಇಲ್ಲಾಂದ್ರೆ ಸಾಯಂಕಾಲ ಗಿರಾಕಿ ಬರ್ತಾರೆ, ಮಾರಿಬಿಡ್ತೀನಿ” ಎಂದಿದ್ದರು. ಪರೀಕ್ಷೆ ಮೂರು ಗಂಟೆಗೆ. ನಾನೇ ಹೊಲಿದ ಅಂಗಿ ತೊಟ್ಟು ಕ್ಯಾಮೆರಾ ಮುಂದೆ ನಿಲ್ಲಬೇಕು.

ಎರಡೂ ಮುಕ್ಕಾಲಿಗೆ, ಅಂಗಡಿಯ ಹಿಂದಿನ ಕೋಣೆಯಲ್ಲಿ, ಇನ್ನು ಗುಂಡಿ ಹಾಕುವುದೊಂದೇ ಬಾಕಿ ಎಂದು ಅಂಗಿ ತೊಟ್ಟು ನೋಡುತ್ತೇನೆ: ಎಡಗಡೆ ಸಾಲಾಗಿ ಕಾಜ, ಗುಂಡಿ ತೂರಿಸುವ ತೂತು. ಬಲಗಡೆಯೂ ಸಾಲಾಗಿ ಕಾಜ!

ಅಕ್ಕ ಬಿದ್ದು ಬಿದ್ದು ನಕ್ಕಳು. “ಗುಂಡಿ ಎಲ್ಲಿ ಹಾಕ್ತೀಯೋ, ಹೊಟ್ಟೆಗಾ?”

ರೆಕಾರ್ಡಿನಲ್ಲಿ ಕ್ಯಾಮೆರಾ ಮೇಡಂ ಹೆಗಲ ಹಿಂದೆ. ಅವರ ಎಡವೇ ನನ್ನ ಎಡ. ಲೈವ್‌ನಲ್ಲಿ ಅವರು ಎದುರು ಕೂತು ಅದೇ ಎಡಗಡೆಯನ್ನು ಮತ್ತೆ ತೋರಿಸಿದ್ದರು. ನನಗೆ ಅದು ಬಲಗಡೆ ಕಂಡಿತ್ತು, ಅಲ್ಲೂ ಕಾಜ ಹಾಕಿದ್ದೆ. ಅವರು ಗುಂಡಿಯ ಪಟ್ಟಿಗೆ ಬರುವಷ್ಟರಲ್ಲಿ ನಾನು ಜಾಗ ಖಾಲಿ ಮಾಡಿದ್ದೆ.

ನೆಟ್ ಹೋಯಿತು ಎನ್ನಲೇ? ಅದಕ್ಕಿಂತ ಮರ್ಯಾದಸ್ಥ ಸುಳ್ಳು ಮೂರು ಲೋಕದಲ್ಲಿಲ್ಲ. ಕೋಣೆಯಲ್ಲಿ ಸಾವಿರ ಸುತ್ತು ಸುತ್ತಿದೆ. ಆದರೆ ನೆಟ್ ಹೋದರೆ ಮಷೀನೂ ಹೋಗುತ್ತದಲ್ಲ! ಕ್ಯಾಮೆರಾ ಆನ್ ಮಾಡಿದೆ.

“ಎಲ್ಲಿ, ಗುಂಡಿ ಹಾಕ್ಕೊಳ್ಳಿ” ಎಂದರು ಮೇಡಂ.

“ಗುಂಡಿಗೆ ಜಾಗವೇ ಇಲ್ಲ ಮೇಡಂ. ಎರಡೂ ಕಡೆ ಕಾಜ.”

ನಲವತ್ತು ಮೈಕುಗಳೂ ಒಟ್ಟಿಗೆ ನಕ್ಕವು. ಮೇಡಂ ನಗಲಿಲ್ಲ. “ಬಟ್ಟೆ ಉಳಿದಿದೆಯಾ?”

“ಇದೆ.”

“ಬಲಗಡೆ ಪಟ್ಟಿ ಬಿಚ್ಚಿ, ಹೊಸದು ಕತ್ತರಿಸಿ. ಆರು ಗಂಟೆವರೆಗೂ ಇಲ್ಲೇ ಇರ್ತೀನಿ. ಕ್ಯಾಮೆರಾ ನಿಮ್ಮ ಕೈ ಮೇಲಿರ್ಲಿ. ಸಿಂಗಲ್ ಸ್ಪೀಡು!”

ಹೊಲಿಗೆ ಬಿಚ್ಚುವುದನ್ನು ಮುಂದಕ್ಕೆ ಓಡಿಸಲು ಬರುವುದಿಲ್ಲ. ಒಂದೊಂದೇ ದಾರ. ನನ್ನ ತಪ್ಪನ್ನು ನಾನೇ ಇಷ್ಟು ಹೊತ್ತು ನೋಡಿದ್ದು ಜನ್ಮದಲ್ಲಿ ಅದೇ ಮೊದಲು.

ಐದಕ್ಕೆ ಗಿರಾಕಿ ಬಂದರು. “ಎಲ್ರೀ ಮಷೀನು?”

ಭಾವ ನನ್ನ ಕೈಯನ್ನೇ ನೋಡುತ್ತಿದ್ದರು. “ಅದರ ಮೇಲೆ ಕೆಲಸ ನಡೀತಿದೆ. ಆರಕ್ಕೆ ಬನ್ನಿ.”

ಆರಕ್ಕೆ ಗಿರಾಕಿ ಮತ್ತೆ ಬಂದಾಗ, ಮೇಡಂ ಬಾಯಲ್ಲಿ ‘ಪಾಸು’ ಎನಿಸಿಕೊಂಡಿದ್ದ ನಾನು ಕೊರಳವರೆಗೂ ಗುಂಡಿ ಹಾಕಿಕೊಂಡು ಬಾಗಿಲಿಗೆ ಅಡ್ಡ ನಿಂತಿದ್ದೆ. ದಾರಿ ಬಿಡಲಿಲ್ಲ.