ಕರಿ ಪುಡಿಯನ್ನು ಮೋರಿಗೆ ಚೆಲ್ಲಬೇಡಿ

“ಕಣ್ಣು ಎಲ್ಲಿಟ್ಟಿದ್ರಿ ದೊಡ್ಡಪ್ಪ? ಅಷ್ಟೂ ಪುಡಿ ಮೋರಿಗೆ ಸುರಿದ್ರಲ್ಲ.” ತಂಗಿ ರೇಗಿದಳು.

“ಮಸಿ ಚೆಲ್ಲದೆ ತಲೆಗೆ ಹಚ್ಕೊಳ್ಲಾ?”

ನಮ್ಮದು ಬಣ್ಣ ತಯಾರಿಸುವ ಸಣ್ಣ ಕಾರ್ಖಾನೆ. ನೈಟ್ರೋ ಎಂಬ ಹಳದಿ ಸರಕನ್ನು ಅಮೀನ್ ಎಂಬ ಇನ್ನೊಂದು ರಾಸಾಯನಿಕವಾಗಿ ಬದಲಿಸಿದ ಮೇಲೆಯೇ ಅದು ಬಣ್ಣಕ್ಕೆ ಬರುವುದು. ಅಪ್ಪನ ಕಾಲದಿಂದಲೂ ಆ ಕೆಲಸ ದೊಡ್ಡಪ್ಪನದು. ಆ ಸರಕಿದ್ದ ಆಮ್ಲದ ತೊಟ್ಟಿಗೆ ಕಬ್ಬಿಣದ ಪುಡಿಯನ್ನು ಹದವರಿತು ಉದುರಿಸುತ್ತಿದ್ದರು. ಉಳಿದ ತುಕ್ಕುಗೆಸರು ಹಿತ್ತಲಿಗೆ. ಚಿಕ್ಕವರಿದ್ದಾಗ ಆ ಗುಡ್ಡೆಯ ಮೇಲಿಂದ ಜಾರುತ್ತಿದ್ದೆವು. ಸಂಜೆ ಅಮ್ಮ ನಮ್ಮ ಕೆಂಪು ಅಂಡು ಉಜ್ಜುತ್ತ ಬೈಯುವಳು, ದೊಡ್ಡಪ್ಪ ಪಕ್ಕದಲ್ಲಿ ನಿಂತು ನಗುವರು. ಅಂಥ ಸುಖ ಮತ್ತೆ ಕಾಣಲಿಲ್ಲ. ಆದರೆ ಅದೇ ಗುಡ್ಡೆ ಸೋರಿ ಬೀದಿಯ ಬಾವಿ ಕೆಟ್ಟಿತು. ಇನ್ನೊಂದು ಬುಟ್ಟಿ ಕೆಸರು ಬಿದ್ದರೂ ಕಾರ್ಖಾನೆಗೆ ಬೀಗ ಹಾಕಿಸುತ್ತೇವೆಂದು ನೆರೆಯವರು ಹೇಳಿಬಿಟ್ಟರು.

ಅದಕ್ಕೇ ಪ್ರಯೋಗಾಲಯದಲ್ಲಿ ದುಡಿಯುವ ತಂಗಿ ಬೇರೊಂದು ಲೋಹದ ಕರಿ ಪುಡಿ ತಂದಿದ್ದಳು. ಒಮ್ಮೆ ಬಳಸಿದ ಮೇಲೆ ದೊಡ್ಡಪ್ಪ ಮೋರಿಗೆ ಸುರಿದದ್ದು ಅದನ್ನೇ.

“ಕಬ್ಬಿಣ ಸವೆದು ತುಕ್ಕಾಗತ್ತೆ. ಇದು ಹಾಗಲ್ಲ. ಕೆಲಸ ಮಾಡೋದು ಹೈಡ್ರೋಜನ್, ಮಾಡಿಸೋದು ಇದು. ತಾನು ಖರ್ಚಾಗಲ್ಲ.”

“ಮದುವೆ ದಲ್ಲಾಳಿ ಅನ್ನು,” ಎಂದರು ದೊಡ್ಡಪ್ಪ.

“ಹೂಂ. ಒಂದು ಮದುವೆ ಮುಗೀತು ಅಂತ ದಲ್ಲಾಳೀನ ಮೋರಿಗೆ ಹಾಕ್ತಾರಾ?”

“ಕೆಲವರನ್ನ ಹಾಕ್ಬೇಕು.”

ಮೋರಿಯ ಬಾಯಲ್ಲಿ ಉಳಿದಿದ್ದ ಪುಡಿಯನ್ನು ತಂಗಿ ಅಯಸ್ಕಾಂತ ಹಿಡಿದು ಎತ್ತಿದಳು. ತೊಳೆದು, ನೈಟ್ರೋ ಸರಕು ಕರಗಿಸಿದ ಹಳದಿ ನೀರಿದ್ದ ಸೀಸೆಗೆ ಹಾಕಿ, ಜೋಪಾನವಾಗಿ ಹೈಡ್ರೋಜನ್ ಹಾಯಿಸಿದಳು. ನೋಡನೋಡುತ್ತ ಹಳದಿ ಇಳಿಯಿತು. ಸೀಸೆಯ ಪಕ್ಕಕ್ಕೆ ಅಯಸ್ಕಾಂತ ಒತ್ತಿದರೆ ಪುಡಿಯೆಲ್ಲ ಒಂದೇ ಕಡೆ ಬಂದು ಅಂಟಿತು.

“ತಿಳಿ ಆಯ್ತಲ್ಲ, ಮೋರಿಗೆ ಬಿಡಬಹುದು,” ಎಂದೆ.

“ಬಣ್ಣ ಹೋದ್ರೆ ವಿಷ ಹೋಗತ್ತಾ? ಅಮೀನೂ ವಿಷವೇ. ಬರಿಗೈ ಹಾಕ್ಬೇಡ.”

ದೊಡ್ಡಪ್ಪ ಸೀಸೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. “ಒಪ್ಪಿದೆ. ಇನ್ನು ಈ ಕೈಗೇನು ಕೆಲಸ?”

“ನಾನು ಕಲಿಸ್ತೀನಲ್ಲ.”

“ನಿನಗೆ ನಡಿಗೆ ಕಲಿಸಿದವನು ನಾನು,” ಎಂದು ಚಪ್ಪಲಿ ಮೆಟ್ಟಿ ಹೊರಟರು.

ಇದನ್ನು ಓದುತ್ತಿರುವ ಕೆಲಸಗಾರರೇ, ಮಾಲೀಕರೇ, ಬಳಸಿದ ಪುಡಿ ಕಸವಲ್ಲ. ಸೋಸಿ, ತೊಳೆದು, ಮತ್ತೆ ಬಳಸಿ. ಒದ್ದೆಯಾಗಿಯೇ ಇಡಿ, ಕೆಲವು ಪುಡಿ ಒಣಗಿದರೆ ತಾನೇ ಹೊತ್ತಿಕೊಳ್ಳುತ್ತದೆ. ಶಕ್ತಿ ಕುಂದಿದ್ದನ್ನು ಮಾರಿದವರಿಗೇ ಹಿಂತಿರುಗಿಸಿ. ಹೊಸ ಡಬ್ಬಿ ಒಡೆಯುವ ಮೊದಲು ಹಳಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮರ್ಯಾದೆಯಿಂದ ತಿಳಿಸಿ. ನಮ್ಮ ಹಿತ್ತಲಲ್ಲಿ ಈಗ ಹುಲ್ಲು ಬೆಳೆದಿದೆ. ದೊಡ್ಡಪ್ಪ ಮಾತ್ರ ಕಾರ್ಖಾನೆಯ ಹೊಸ್ತಿಲು ಮತ್ತೆ ತುಳಿಯಲಿಲ್ಲ.