ಇಪ್ಪತ್ತು ಮಾರು ಕಟ್ಟೆ

ಮಳೆಗಾಲಕ್ಕೆ ಮುಂಚೆ ಹಿರೇಗುತ್ತಿಯ ಒಂದು ಕೇರಿಯವರು ಹೊಳೆದಂಡೆಯ ಮಣ್ಣಿನ ಕಟ್ಟೆಗೆ ಹೋಗಿ ಏಡಿಬಿಲ ಮುಚ್ಚುವುದು ರೂಢಿ. ಒಂದೊಂದು ಮನೆಗೆ ಇಪ್ಪತ್ತು ಮಾರು ಕಟ್ಟೆ ಪಾಲು. ಉಬ್ಬರದ ಉಪ್ಪುನೀರನ್ನೂ ಮಳೆಗಾಲದ ನೆರೆಯನ್ನೂ ಆಚೆಯೇ ತಡೆಯುವ ಕಟ್ಟೆಯದು. ಈಚೆಗೆ ಭತ್ತದ ಗದ್ದೆ, ಸಿಹಿನೀರ ಬಾವಿ, ಹನ್ನೊಂದು ಮನೆ.

ಆ ಬೆಳಿಗ್ಗೆ ಮಾಲತಿ ಜೇಡಿಮಣ್ಣಿನ ಬುಟ್ಟಿ ಹೊತ್ತು ಬಂದರೆ, ಅವಳ ಮನೆಯ ಪಾಲಿನಲ್ಲೇ ಜೆಸಿಬಿ ನಿಂತಿತ್ತು. ಕಟ್ಟೆಯ ನಡುವೆ ಎದೆಮಟ್ಟದ ಹೊಂಡ. ಪಕ್ಕದಲ್ಲಿ ದಪ್ಪ ಪೈಪು. ಅದರ ಮೇಲೆ ಸಿಗಡಿ ಕೆರೆಯ ಗುತ್ತಿಗೆದಾರ ಪ್ರಕಾಶ, ಅವನ ಜೊತೆ ಅವಳ ಗಂಡ ದಿನಕರ.

"ಎಂತ ಇದು?"

"ಕೆರೆಗೆ ಉಪ್ಪುನೀರು ಬೇಕಲ್ಲ ಅಕ್ಕ, ಒಂದು ಪೈಪು ಅಷ್ಟೆ," ಎಂದ ಪ್ರಕಾಶ. "ಭತ್ತ ಬೆಳ್ದು ನೀವೆಂತ ಬಂಗ್ಲೆ ಕಟ್ಟಿದ್ರಿ? ಹತ್ತು ಜನಕ್ಕೆ ಕೆಲಸ ಸಿಗ್ತದೆ."

"ನಮ್ಮ ಪಾಲು. ನಾನೇ ಹೂಂ ಅಂದದ್ದು," ದಿನಕರ ಮುಖ ತಪ್ಪಿಸಿದ.

"ಕಾಯೂಕೆ ಕೊಟ್ಟ ಪಾಲು, ಕಡಿಯೂಕಲ್ಲ. ಹೋದ ವರ್ಷ ನೀವು ಒಂದು ಏಡಿಬಿಲ ಬಿಟ್ಟದ್ದಕ್ಕೆ ಪಕ್ಕದ ಮನೆ ಸಣ್ಣಮ್ಮನ ಬಾವಿ ಉಪ್ಪಾತು. ಇದು ಎಷ್ಟು ದೊಡ್ಡ ಏಡಿ? ಪೈಪಿನ ಮಗ್ಗುಲಲ್ಲಿ ನೀರು ದಾರಿ ಮಾಡ್ಕಂಡ್ರೆ ನೆರೆ ದಿನ ಕೇರಿಯೆಲ್ಲ ಈಜೂದೇ!"

ಹೇಳಿದವಳೇ ಹೊಂಡಕ್ಕಿಳಿದು ಚಕ್ಕಳಮಕ್ಕಳ ಹಾಕಿ ಕೂತಳು.

"ಏಳೇ, ಮರ್ಯಾದೆ ತೆಗೀಬೇಡ," ದಿನಕರ ಗದರಿದ.

"ಉಬ್ಬರ ಬತ್ತದೆ ಅಕ್ಕ, ಸೀರೆ ಒದ್ದೆಯಾತದೆ," ಪ್ರಕಾಶ ನಕ್ಕ.

"ಬರ್ಲಿ. ಕೂತೇ ನೋಡ್ತೆ."

ಉಬ್ಬರ ಬಂತು. ಹೊಂಡದ ಹೊಳೆಬದಿಯ ಗೋಡೆಯಲ್ಲಿ ಬೆರಳಗಲದ ಹಳೆಯ ಏಡಿಬಿಲವೊಂದು ಜಿನುಗತೊಡಗಿತು. ನೋಡನೋಡುತ್ತ ಅದು ಮುಷ್ಟಿಯಗಲವಾಗಿ ಕೆಸರು ಕಾರಿತು. ನೀರು ಮಾಲತಿಯ ಸೊಂಟಕ್ಕೇರಿತು; ಅವಳು ಅಲುಗಲಿಲ್ಲ. ಗೋಡೆಯ ಹೆಂಟೆಯೊಂದು ಕುಸಿದು ಅವಳ ಮಡಿಲಿಗೇ ಬಿತ್ತು.

ಪ್ರಕಾಶನ ನಗು ನಿಂತಿತ್ತು. ದಿನಕರ ಚಪ್ಪಲಿ ಬಿಟ್ಟ. ಬುಟ್ಟಿ ಎತ್ತಿಕೊಂಡು ಹೊಂಡಕ್ಕೆ ಹಾರಿ, ಬಿಲಕ್ಕೆ ಜೇಡಿ ಒತ್ತಿ ಹಿಮ್ಮಡಿ ಕೊಟ್ಟು ನಿಂತ.

"ಅಜಯ, ಮಣ್ಣು ತಳ್ಳೋ!" ಎಂದು ಕೂಗಿದ.

ಜೆಸಿಬಿ ಓಡಿಸುವ ಅಜಯ ಪ್ರಕಾಶನ ಅಪ್ಪಣೆಗೆ ಕಾಯದೆ ಯಂತ್ರ ಶುರುಮಾಡಿದ.

"ಹಾಗಾದ್ರೆ ನನ್ನ ಪೈಪು?"

"ಹೊತ್ಕಂಡ್ ಹೋಗು," ಎನ್ನುತ್ತ ಮಾಲತಿ ಎದ್ದು ನಿಂತಳು.

ಅವಳನ್ನು ಮೇಲೆತ್ತಲು ಅಜಯ ಇಳಿದು ಬಂದು ಕೈ ಚಾಚಿದ. ಅವಳು ಹಿಡಿಯಲಿಲ್ಲ. ಜೆಸಿಬಿ ತಳ್ಳಿದ ಮಣ್ಣನ್ನು ಗಂಡ ಹೆಂಡತಿ ಇಬ್ಬರೂ ತುಳಿದರು; ಮತ್ತೆ ಬಿತ್ತು, ಮತ್ತೆ ತುಳಿದರು. ಹಾಗೆ ತುಳಿಯುತ್ತ ತುಳಿಯುತ್ತಲೇ, ಮಧ್ಯಾಹ್ನದ ಹೊತ್ತಿಗೆ, ಅವಳು ಕಟ್ಟೆಯ ಮಟ್ಟಕ್ಕೆ ಬಂದು ನಿಂತಳು.