ಸ್ಟೇಶನ್ನಿನಲ್ಲಿ ಇಟ್ಟ ಹೆಸರು

೧೯೭೧ರ ಚಳಿ ಆಗಷ್ಟೇ ಸುರುವಾಗಿತ್ತು. ಬೆಳಗಾವಿಯಲ್ಲಿ ಸಿಪಾಯಿಯಾಗಿದ್ದ ಕರೆಪ್ಪನಿಗೆ ಮಗಳು ಹುಟ್ಟಿದ ಸುದ್ದಿ ಮುಟ್ಟಿದ ವಾರದಲ್ಲೇ ಪೂರ್ವ ಗಡಿಗೆ ಹೊರಡುವ ಹುಕುಂ ಬಂತು. ರಜೆ ಸಿಗಲಿಲ್ಲ. ನಾಳೆ ಮಧ್ಯಾಹ್ನ ತಮ್ಮ ಗಾಡಿ ಬಿಡುತ್ತದೆಂದು ಊರಿನವರೊಬ್ಬರ ಕೈಲಿ ತನ್ನೂರು ಗುಂಜಿಗೆ ಹೇಳಿಕಳಿಸಿದ.

ಸುದ್ದಿ ಕೇಳಿ ಬಾಣಂತಿ ಫಕೀರವ್ವ ಹಾಸಿಗೆಯಿಂದ ಎದ್ದು ಕೂತಳು. “ನಾನೂ ಬರ್ತೀನಿ. ಕೂಸಿನ್ನೂ ತರ್ತೀನಿ.”

“ಹಸಿ ಬಾಣಂತಿ ಹೊಸ್ತಲಾ ದಾಟಬಾರದವಾ,” ಎಂದ ಮಾವ ಬಂಡೆಪ್ಪ. “ತೊಟ್ಲಾ ಸೈತ ಆಗಿಲ್ಲ.”

“ತೊಟ್ಲಾನೂ ಅಲ್ಲೇ ಹಾಕೂಣು. ಅವರು ಬರೂತನಾ ಕೂಸಿನ್ನ ಹೆಸರಿಲ್ದಂಗ ನಾ ಇಡೂದಿಲ್ಲ.”

ಬಂಡೆಪ್ಪ ಹೆಂಡತಿಯ ಮುಖ ನೋಡಿದ. ಭರಮವ್ವ ಆಗಲೇ ಗೂಟದ ಮೇಲಿನ ಕಂಬಳಿ ಇಳಿಸುತ್ತಿದ್ದಳು. “ಮಗಳು ಮಾಳವ್ವಗೂ ಹೇಳ್ರಿ. ಹೆಸರಿಡಾಕ ಸೋದರತ್ತಿ ಬೇಕಲ್ಲ?”

ಬೆಳಗಿನ ರೈಲು ಹತ್ತಿ ಬೆಳಗಾವಿಗೆ ಬಂದರು. ಪ್ಲಾಟ್‌ಫಾರ್ಮಿನ ತುಂಬ ಹಸಿರು ಟ್ರಂಕು, ಕನ್ನಡ, ಮರಾಠಿ, ಅಳು. ಹೆಂಡತಿಯನ್ನು ಕಂಡ ಕರೆಪ್ಪ ಸಿಟ್ಟಾದ.

“ಹುಚ್ಚಿ ಅದಿಯೇನ? ಈ ಥಂಡಿಯೊಳಗ...”

“ಬೈಯೂದು ಆಮ್ಯಾಲ. ಕಂಬಳಿ ಹಿಡೀರಿ.”

ಒಂದು ತುದಿ ಅವನು ಹಿಡಿದ. ಇನ್ನೊಂದು ತುದಿಗೆ ಅವನ ಜೊತೆಗಾರ, ಖಾನಾಪುರದ ಮರಾಠಿ ಹುಡುಗ, ಕೇಳದೆಯೇ ಬಂದು ಕೈ ಹಾಕಿದ. ಭರಮವ್ವ ಕೂಸನ್ನು ಆ ಕಂಬಳಿಯ ತೊಟ್ಟಿಲೊಳಗೆ ಮಲಗಿಸಿದಳು.

“ಏನ್ ಹೆಸರೋ ಅಣ್ಣಾ?” ಮಾಳವ್ವ ಕೇಳಿದಳು.

ಕರೆಪ್ಪ ಬಗ್ಗಿ ಕೂಸಿನ ಮುಖ ನೋಡಿದ. ಇಂಜಿನ್ ಸಿಳ್ಳೆ ಹಾಕಿತು.

“ಹೇಳ್ರಿ,” ಎಂದಳು ಫಕೀರವ್ವ. “ನಿಮ್ಮ ಬಾಯಿಂದನ ಬರಬೇಕು.”

“ಲಗಮವ್ವ,” ಎಂದ. ಅವನನ್ನು ಎತ್ತಿ ಆಡಿಸಿದ ಅಜ್ಜಿಯ ಹೆಸರು ಅದು.

ಮಾಳವ್ವ ಬಗ್ಗಿ ಕೂಸಿನ ಕಿವಿಯಲ್ಲಿ ಹೆಸರು ಹೇಳಿದಳು. ಕರೆಪ್ಪ ಮಗಳ ನೆತ್ತಿಯನ್ನೊಮ್ಮೆ ಮೂಸಿ, ಅಪ್ಪ ಅವ್ವನ ಕಾಲು ಮುಟ್ಟಿ ಓಡಿಹೋಗಿ ಗಾಡಿ ಹತ್ತಿದ.

ಕೊನೆಯ ಡಬ್ಬಿ ಮರೆಯಾಗುವವರೆಗೂ ಫಕೀರವ್ವ ಅಲುಗದೆ ನಿಂತಳು. ರೈಲಿನಲ್ಲಿ ತಿರುಗಿ ಹೋಗುವಾಗ, ದೇಸೂರು ಸ್ಟೇಶನ್ ದಾಟಿದ ಮೇಲೆ, ಮೊಲೆ ಕುಡಿಸುತ್ತ ಬಿಕ್ಕಿ ಬಿಕ್ಕಿ ಅತ್ತಳು. ಭರಮವ್ವ ಸೊಸೆಯ ಬೆನ್ನ ಮೇಲೆ ಕೈಯಿಟ್ಟು ಕೂತಳು.

ಲಡಾಯಿ ಮುಗಿದು, ಬೇಸಿಗೆಯಲ್ಲಿ ಕರೆಪ್ಪ ಎಡಗಾಲು ಎಳೆಯುತ್ತ ಮನೆಗೆ ಬಂದ. ಈಗಲಾದರೂ ನಾಲ್ಕು ಮಂದಿ ಕರೆದು ಶಾಸ್ತ್ರದ ಪ್ರಕಾರ ತೊಟ್ಟಿಲು ಹಾಕಿರೆಂದು ಓಣಿಯ ಹಿರಿಯರು ಹೇಳಿದರು.

ಫಕೀರವ್ವ ಮಗಳನ್ನು ಗಂಡನ ತೊಡೆಯ ಮೇಲೆ ಕೂಡಿಸಿದಳು.

“ಅದು ಆಗೇತ್ರಿ,” ಎಂದಳು. “ಊಟಕ್ಕ ಬೇಕಾದ್ರ ಬರ್ರಿ.”